ಗೋಡೆಗೆ ಕಿವಿ ಇದೆ, ಬಾಯಿ ಇಲ್ಲ!

ವೈಯಾಲಿಕಾವಲ್ ಎಂದರೆ ಬೆಂಗಳೂರಿನವರಿಗೆ ಥಟ್ಟನೆ ನೆನಪಾಗೋದು ತಿರುಪತಿ ತಿಮ್ಮಪ್ಪನ ದೇವಸ್ಥಾನ, ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನ. ಒಂದು ಕಡೆ ಮಲ್ಲೇಶ್ವರ, ಇನ್ನೊಂದು ಕಡೆ ಗುಟ್ಟಹಳ್ಳಿ, ಮೇಲುಗಡೆ ಸ್ಯಾಂಕಿ ಕೆರೆ. ಮರ್ಯಾದಸ್ಥರ ಬಡಾವಣೆ, ಸಂಸಾರಸ್ಥರ ಬೀದಿಗಳು ಎಂಬ ಹೆಸರು ಹಿಂದಿನಿಂದಲೂ ಇದೆ. ಆದರೆ 2024ರ ಸೆಪ್ಟೆಂಬರ್ 21ರಂದು ಈ ಬಡಾವಣೆಯ ಹೆಸರು ದೇಶದ ಎಲ್ಲ ಟಿ.ವಿ.ಗಳಲ್ಲೂ ಬಂತು. ಬಾಡಿಗೆ ಮನೆಯೊಂದರಲ್ಲಿ ಒಂಟಿಯಾಗಿದ್ದ ಯುವತಿಯನ್ನು ಕೊಂದು, ದೇಹವನ್ನು ಫ್ರಿಜ್ಜಿನಲ್ಲಿ ತುಂಬಿಟ್ಟಿದ್ದದ್ದು ಅವತ್ತು ಬೆಳಕಿಗೆ ಬಂತು. ಬಾಗಿಲು ತೆರೆದು ನೋಡಿದವರು ಹೆತ್ತ ತಾಯಿ.

ಕೆಲವೇ ದಿನಗಳಲ್ಲಿ, ಪೊಲೀಸರು ಹುಡುಕುತ್ತಿದ್ದ ಆಕೆಯ ಸಹೋದ್ಯೋಗಿ ದೂರದ ಒಡಿಶಾದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಕಟಕಟೆಯಲ್ಲಿ ನಿಂತು ಉತ್ತರ ಹೇಳಬೇಕಾದವನೇ ಹೋದ. ಅಲ್ಲಿಗೆ ಟಿ.ವಿ.ಯವರ ಕ್ಯಾಮೆರಾಗಳು ಬೇರೆ ಬೀದಿ ಹುಡುಕಿಕೊಂಡು ಹೊರಟವು.

ಆದರೆ ಒಂದು ಮಾತು ಮಾತ್ರ ಈ ಬೀದಿಗಳಲ್ಲಿ ಉಳಿದುಕೊಂಡಿದೆ. ಪೊಲೀಸರ ಲೆಕ್ಕದಂತೆ ಕೊಲೆಗೂ ಪತ್ತೆಗೂ ನಡುವೆ ಎರಡು ವಾರಕ್ಕೂ ಹೆಚ್ಚು ದಿನ. ಅಷ್ಟು ದಿನ ಆಕೆ ಕಾಣಲಿಲ್ಲ ಅನ್ನೋದು ಅಕ್ಕಪಕ್ಕದವರಿಗೆ ಹೊಳೆದದ್ದು ವಾಸನೆ ಬಂದ ಮೇಲೆ! ಇದು ಅಕ್ಕಪಕ್ಕದವರ ತಪ್ಪು ಎಂದು ಹೇಳುವುದು ಸುಲಭ, ನ್ಯಾಯವಲ್ಲ. ಬೆಳಗ್ಗೆ ಕೆಲಸಕ್ಕೆ ಹೋಗಿ ರಾತ್ರಿ ಬರುವ ಬಾಡಿಗೆದಾರರಿಗೆ ಪಕ್ಕದ ಮನೆಯ ಹೆಸರೇ ಗೊತ್ತಿರೋದಿಲ್ಲ. ಆದರೂ ಪ್ರಶ್ನೆ ಉಳಿಯುತ್ತದೆ. ನಾಲ್ಕು ಗೋಡೆಯ ಒಳಗೆ ಒಬ್ಬರು ನರಳುತ್ತಿದ್ದರೆ ಹೊರಗಿನವರಿಗೆ ಅದು ಎಷ್ಟು ದಿನಕ್ಕೆ ತಿಳಿಯುತ್ತೆ? ತಿಳಿದವರು ಏನು ಮಾಡ್ತಾರೆ?

ಆಮೇಲೆ ನಡೆದದ್ದು ಎರಡನೇ ಕ್ರೌರ್ಯ. ಆಕೆ ಯಾರ ಜೊತೆ ಓಡಾಡುತ್ತಿದ್ದಳು, ಗಂಡನನ್ನು ಬಿಟ್ಟು ಯಾಕೆ ಬೇರೆ ಇದ್ದಳು, ಎಷ್ಟು ಗಂಟೆಗೆ ಮನೆಗೆ ಬರುತ್ತಿದ್ದಳು ಅನ್ನೋ ಚರ್ಚೆ ಊರೆಲ್ಲ ಆಯಿತು. ಸತ್ತವಳು ಎದ್ದು ಬಂದು ಉತ್ತರ ಹೇಳಲಾರಳು. ಆ ಚರ್ಚೆಯನ್ನು ಕಿವಿಯಾರೆ ಕೇಳಬೇಕಾಗಿ ಬಂದದ್ದು ಆ ತಾಯಿಗೆ. ಬೇರೆ ಮನೆಗಳಲ್ಲಿ ಏಟು ತಿನ್ನುತ್ತಾ ಕೂತಿದ್ದ ಹೆಣ್ಣುಮಕ್ಕಳೂ ಅದೇ ಟಿ.ವಿ. ನೋಡುತ್ತಿದ್ದರು. ಬಾಯಿಬಿಟ್ಟರೆ ನಾಳೆ ತಮ್ಮ ನಡತೆಯೂ ಹೀಗೇ ಬೀದಿಪಾಲು ಎಂಬ ಪಾಠ ಅವರಿಗೆ ಸಿಕ್ಕಿತು.

ಉಂಡು ಮಲಗೋ ತನಕವೇ?

ಕೊಲೆಯಾದರೆ ಸುದ್ದಿ. ದಿನಾ ಬೀಳುವ ಏಟು ಸುದ್ದಿಯಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅನ್ನೋದು ಗಾದೆ. ಎಲ್ಲರ ಮನೆ ದೋಸೆಯೂ ತೂತೇ ಅನ್ನೋದು ಇನ್ನೊಂದು. ಎರಡೂ ಒಳ್ಳೆಯ ಗಾದೆಗಳೇ. ಸಣ್ಣಪುಟ್ಟ ಮುನಿಸಿಗೆ ಮೂರನೆಯವರು ತಲೆ ಹಾಕಬಾರದು ಎಂಬ ವಿವೇಕ ಅವುಗಳಲ್ಲಿದೆ. ಆದರೆ ಕೆನ್ನೆ ಊದಿಕೊಂಡ ಮನೆಗೂ ಅದೇ ಗಾದೆ ಹೇಳಿ ಕದ ಹಾಕಿಕೊಂಡರೆ ಅದು ವಿವೇಕವಲ್ಲ, ಜವಾಬ್ದಾರಿ ತಪ್ಪಿಸಿಕೊಳ್ಳೋ ದಾರಿ.

ಲೆಕ್ಕ ನೋಡಿ. ಕೇಂದ್ರ ಸರ್ಕಾರ ನಡೆಸುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದದ್ದು 2019-21ರಲ್ಲಿ. ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರ ಪೈಕಿ ಶೇ. 44.4 ಮಂದಿ ಗಂಡನಿಂದ ಒಂದಲ್ಲ ಒಂದು ಬಾರಿ ಹಿಂಸೆ ಅನುಭವಿಸಿದ್ದೇವೆ ಎಂದರು. ದೇಶದ ರಾಜ್ಯಗಳ ಪೈಕಿ ಇದೇ ಹೆಚ್ಚು. ಅದಕ್ಕೆ ಹಿಂದಿನ 2015-16ರ ಸುತ್ತಿನಲ್ಲಿ ಈ ಅಂಕಿ ಶೇ. 20.6 ಇತ್ತು. ಐದಾರು ವರ್ಷದಲ್ಲಿ ಗಂಡಂದಿರೆಲ್ಲ ಎರಡು ಪಟ್ಟು ಕೆಟ್ಟವರಾದರೇ? ಹಾಗೆ ಹೇಳಲಾಗದು. ಹಿಂದೆ ಹೇಳಲು ಹಿಂಜರಿದವರು ಈಗ ಬಾಯಿಬಿಟ್ಟಿರಲೂಬಹುದು. ಹೇಗೇ ಲೆಕ್ಕ ಹಾಕಿದರೂ ನೂರು ಮನೆಯ ಬೀದಿಯಲ್ಲಿ ಇದು ಒಂದೆರಡು ಮನೆಯ ಕತೆಯಲ್ಲ.

ಅದಕ್ಕಿಂತ ಯೋಚನೆಗೆ ಹಚ್ಚೋದು ಇನ್ನೊಂದು ಅಂಕಿ. ಅದೇ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಏಟು ತಿಂದ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ ನೂರು ಹೆಂಗಸರಲ್ಲಿ ನೆರವು ಕೇಳಿದವರು ಬರೀ 14. ಸುಮಾರು 77 ಮಂದಿ ನೆರವನ್ನೂ ಕೇಳಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಅಮ್ಮನಿಗೂ ಇಲ್ಲ, ಅಕ್ಕನಿಗೂ ಇಲ್ಲ.

ಹಳೇ ವಠಾರಗಳ ಕಾಲದಲ್ಲಿ ಹೇಳುವ ಅಗತ್ಯವೇ ಇರಲಿಲ್ಲ. ಒಂದೇ ನಲ್ಲಿ, ಒಂದೇ ಬಟ್ಟೆ ಒಗೆಯೋ ಕಲ್ಲು, ನಡುವೆ ಒಂದಿಟ್ಟಿಗೆ ಗೋಡೆ. ರಾತ್ರಿ ಕೂಗಾಡಿದ್ದು ಬೆಳಗ್ಗೆ ನೀರು ಹಿಡಿಯುವಾಗ ಎಲ್ಲರಿಗೂ ಗೊತ್ತು. ವಠಾರದ ಹಿರಿಯಾಕೆ ಒಬ್ಬರು 'ಏನೋ, ನಿನ್ನೆ ರಾತ್ರಿ ಏನದು ಗಲಾಟೆ?' ಅಂತ ಗಂಡಸನ್ನು ಬಾಗಿಲಲ್ಲೇ ತಡೆದು ಕೇಳಿದರೆ ಅವನು ತಲೆ ತಗ್ಗಿಸಬೇಕಿತ್ತು. ಹಾಗಂತ ವಠಾರ ಸ್ವರ್ಗವಾಗಿರಲಿಲ್ಲ. 'ಹೊಂದಿಕೊಂಡು ಹೋಗಮ್ಮ' ಎಂದು ಅದೇ ಹಿರಿಯಾಕೆಯೇ ಹುಡುಗಿಯನ್ನು ವಾಪಸ್ ಒಳಗೆ ಕಳಿಸಿದ್ದೂ ಉಂಟು.

ಈಗ ವಠಾರ ಕೆಡವಿ ಮೂರು ನಾಲ್ಕು ಅಂತಸ್ತು ಎಬ್ಬಿಸಿದ್ದಾರೆ. ಒಂದೊಂದು ಮಹಡಿಗೂ ಒಂದೊಂದು ಗ್ರಿಲ್ಲು, ಒಂದೊಂದು ಬೀಗ. ಮನೆ ಮಾಲೀಕರು ಎಲ್ಲೋ ದೂರದ ಬಡಾವಣೆಯಲ್ಲಿ, ಬಾಡಿಗೆ ಮೊಬೈಲಿಗೆ ಬಂದು ಬೀಳುತ್ತೆ. ಕೇಳೋ ಕಿವಿ ಇನ್ನೂ ಇದೆ, ಕೇಳಿದ್ದನ್ನು ಆಡೋ ಬಾಯಿ ಇಲ್ಲ.

ಏಟು ಮೈಗೆ, ನೋವು ಎಲ್ಲೆಲ್ಲಿಗೆ

ಏಟಿನ ಬಾಸುಂಡೆ ಹತ್ತು ದಿನಕ್ಕೆ ಹೋಗುತ್ತೆ. ಹೋಗದೆ ಉಳಿಯೋದು ಬೇರೆ. ಬಡಾವಣೆಯ ಮೆಡಿಕಲ್ ಶಾಪಿನವರಿಗೆ ಇದು ಗೊತ್ತಿಲ್ಲದ ಸಂಗತಿಯೇನಲ್ಲ. ತಲೆನೋವಿನ ಮಾತ್ರೆ, ಗ್ಯಾಸ್ಟ್ರಿಕ್ ಮಾತ್ರೆ, ಬೆನ್ನಿಗೆ ಹಚ್ಚೋ ಮುಲಾಮು ಅಂತ ವಾರಕ್ಕೆರಡು ಸಲ ಬರುವ ಗಿರಾಕಿಗಳಿರುತ್ತಾರೆ. ಎಕ್ಸ್‌ರೇ ತೆಗೆಸಿದರೆ ಏನೂ ಕಾಣೋದಿಲ್ಲ, ರಕ್ತ ಪರೀಕ್ಷೆಯಲ್ಲೂ ಇಲ್ಲ. ಮನಸ್ಸಿನ ಸಂಕಟವನ್ನು ಬಾಯಲ್ಲಿ ಹೇಳಲಾಗದವರಿಗೆ ಅದು ಮೈನೋವಾಗಿ ಕಾಣಿಸಿಕೊಳ್ಳುತ್ತೆ ಅನ್ನೋದು ಮನೋವೈದ್ಯರಿಗೆ ಬಹಳ ಹಿಂದಿನಿಂದ ತಿಳಿದ ವಿಚಾರ.

ದಿನಾ ಹೆದರಿ ಬದುಕುವವರ ಮೈ ಯಾವಾಗಲೂ ಓಡಲು ಸಿದ್ಧವಾಗಿಯೇ ಇರುತ್ತದೆ. ಗೇಟು ಕಿರ್ ಅಂದರೆ ಎದೆ ಧಸಕ್ ಅನ್ನುತ್ತೆ. ಸ್ಕೂಟರ್ ನಿಲ್ಲಿಸಿದ ಸದ್ದಿನಲ್ಲೇ ಇವತ್ತು ಕುಡಿದು ಬಂದಿದ್ದಾನೋ ಇಲ್ಲವೋ ಎಂದು ಲೆಕ್ಕ ಹಾಕುವ ಅಭ್ಯಾಸ ಬರುತ್ತೆ. ನಿದ್ದೆ ತುಂಡು ತುಂಡಾಗುತ್ತೆ, ಊಟ ಸೇರೋದಿಲ್ಲ. ಇದು ವರ್ಷಗಟ್ಟಲೆ ನಡೆದರೆ ರಕ್ತದೊತ್ತಡ ಏರುತ್ತೆ, ನೆನಪು ಕೈಕೊಡುತ್ತೆ, ಸಣ್ಣ ವಿಷಯದಲ್ಲೂ ತೀರ್ಮಾನ ತೆಗೆದುಕೊಳ್ಳಲು ಆಗೋದಿಲ್ಲ. ಹೊರಗಿನವರು ಆಗ ಏನಂತಾರೆ? 'ಅವಳಿಗೇ ಸ್ವಲ್ಪ ತಲೆ ಸರಿಯಿಲ್ಲ ಕಣ್ರೀ, ಪಾಪ ಅವನು ಹೇಗೋ ಸಹಿಸಿಕೊಂಡಿದ್ದಾನೆ!'

ಎಲ್ಲಕ್ಕಿಂತ ಕೆಟ್ಟದ್ದು ಬೈಗುಳ ನಿಜ ಅನ್ನಿಸೋದು. ದಡ್ಡಿ, ದಂಡ, ಕಾಸಿಗೂ ಉಪಯೋಗವಿಲ್ಲ ಅಂತ ಹತ್ತು ವರ್ಷ ಕೇಳಿದ ಮೇಲೆ ಹನ್ನೊಂದನೇ ವರ್ಷ ಆಕೆಯೇ ಅದನ್ನು ಹೇಳಿಕೊಳ್ಳುತ್ತಾಳೆ. ಸಾರಿಗೆ ಉಪ್ಪು ಹೆಚ್ಚಾಯಿತು, ಅದಕ್ಕೇ ಹೊಡೆದರು, ತಪ್ಪು ನಂದೇ ಅಂತಾಳೆ. 'ಬಿಟ್ಟು ಬರಬಾರದೇ?' ಎಂದು ಸುಲಭವಾಗಿ ಕೇಳುವವರಿಗೆ ಈ ಗಂಟು ಕಾಣೋದಿಲ್ಲ. ಬಿಟ್ಟು ಬಂದವರಲ್ಲೂ ಒಂದೇ ಸಲಕ್ಕೆ ಬಂದವರು ಕಡಿಮೆ. ಎರಡು ಸಲ, ಮೂರು ಸಲ ತವರಿಗೆ ಹೋಗಿ, ಮಕ್ಕಳ ಶಾಲೆ, ನೆಂಟರ ಮಾತು, ಗಂಡನ ಕಣ್ಣೀರು ನೋಡಿ ಮತ್ತೆ ಬಂದವರೇ ಹೆಚ್ಚು. ಬಿಟ್ಟು ಹೊರಡುವ ಹೊತ್ತೇ ಅತಿ ಅಪಾಯದ ಹೊತ್ತು ಅನ್ನೋದೂ ಪೊಲೀಸರಿಗೆ, ಮಹಿಳಾ ಸಂಘಟನೆಗಳಿಗೆ ಚೆನ್ನಾಗಿ ಗೊತ್ತು.

ಇನ್ನು ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಗಾದೆಯಂತೂ ಅಕ್ಷರಶಃ ನಿಜ. ಹಾಸಿಗೆ ಒದ್ದೆ ಮಾಡಿಕೊಳ್ಳುವ ಎಂಟು ವರ್ಷದ ಹುಡುಗ, ತರಗತಿಯಲ್ಲಿ ಬಾಯಿಯೇ ಬಿಡದ ಹುಡುಗಿ, ಆಟದಲ್ಲಿ ಸುಮ್ಮಸುಮ್ಮನೆ ಕೈ ಎತ್ತುವ ಮಗು. ಮೇಷ್ಟ್ರು ಮಗುವನ್ನು ಗದರುತ್ತಾರೆ, ಕಾರಣ ಮನೆಯಲ್ಲಿರುತ್ತೆ.

'ಸ್ಟವ್ ಸಿಡಿಯಿತು' ಎಂಬ ವಾಕ್ಯ

ಬೆಂಗಳೂರಿಗೆ ಈ ಮೌನ ಹೊಸದಲ್ಲ. ಒಂದು ಕಾಲದಲ್ಲಿ ಪೇಪರಿನ ಮೂಲೆಯಲ್ಲಿ ವಾರಕ್ಕೊಂದಾದರೂ 'ಸ್ಟವ್ ಸಿಡಿದು ಗೃಹಿಣಿ ಸಾವು' ಎಂಬ ನಾಲ್ಕು ಸಾಲು ಇರುತ್ತಿತ್ತು. ಓದಿದವರು ಪುಟ ತಿರುವಿ ಸಿನಿಮಾ ಜಾಹೀರಾತು ನೋಡುತ್ತಿದ್ದರು. ಮನೆಯಲ್ಲಿ ಅತ್ತೆ, ನಾದಿನಿ, ಗಂಡ ಎಲ್ಲರೂ ಕಾಫಿ ಕಾಯಿಸಿದ್ದ ಅದೇ ಸ್ಟವ್ ಹೊಸ ಸೊಸೆ ಕೈಯಲ್ಲೇ ಯಾಕೆ ಸಿಡಿಯುತ್ತೆ ಎಂದು ಕೇಳಿದವರು ಕಡಿಮೆ.

ಕೇಳಿದವರೂ ಇದ್ದರು. 1979ರಲ್ಲಿ ಬೆಂಗಳೂರಿನಲ್ಲಿ ಶುರುವಾದ ವಿಮೋಚನಾ ಸಂಘಟನೆಯ ಹೆಂಗಸರು 1990ರ ದಶಕದ ಕೊನೆಯಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಹಾಸಿಗೆ ಪಕ್ಕದಲ್ಲಿ ಕೂತರು. ಗಂಡನ ಕಡೆಯವರು ತಲೆಯ ಬಳಿ ನಿಂತಿದ್ದಾಗ ಆಕಸ್ಮಿಕ ಎಂದ ಬಾಯಿ, ಅವರು ಹೋದ ಮೇಲೆ ಬೇರೆ ಕತೆ ಹೇಳುತ್ತಿತ್ತು. ಅಸಹಜ ಸಾವು ಎಂದು ಬರೆದು ಮುಚ್ಚಿದ ಕಡತಗಳನ್ನು ಅವರು ಮತ್ತೆ ತೆರೆಸುವ ಗಲಾಟೆ ಎಬ್ಬಿಸಿದರು. 1999ರಲ್ಲಿ ನಗರ ಪೊಲೀಸರ ವನಿತಾ ಸಹಾಯವಾಣಿ ಶುರುವಾಯಿತು. ಠಾಣೆಯ ಮೆಟ್ಟಿಲು ಹತ್ತಲು ಹೆದರುವವರಿಗೆ ಕೂತು ಮಾತಾಡಲು ಒಂದು ಜಾಗವಾಯಿತು.

ಕಾನೂನೂ ನಿಧಾನಕ್ಕೆ ಹಿಂದೆ ಬಂತು. ವರದಕ್ಷಿಣೆ ನಿಷೇಧ 1961ರಲ್ಲಿ. ಹೆಂಡತಿಗೆ ಕ್ರೌರ್ಯ ಎಸಗಿದರೆ ಮೂರು ವರ್ಷದವರೆಗೆ ಜೈಲು ಎಂಬ 498-ಎ ಕಲಂ 1983ರಲ್ಲಿ. ವರದಕ್ಷಿಣೆ ಸಾವಿನ ಕಲಂ 1986ರಲ್ಲಿ. 2024ರ ಜುಲೈ 1ರಿಂದ ಹಳೇ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದ ಮೇಲೆ ಕ್ರೌರ್ಯದ ಕಲಂ 85 ಮತ್ತು 86 ಆಗಿದೆ. ಮನಸ್ಸಿನ ಆರೋಗ್ಯಕ್ಕೆ ಆಗುವ ಗಂಭೀರ ಹಾನಿಯೂ ಕ್ರೌರ್ಯವೇ ಎಂದು ಅದು ಹೇಳುತ್ತೆ.

ಸಾಸಿವೆ ಡಬ್ಬಿ, ಕಾಯಿನ್ ಬಾಕ್ಸು, ಬಸ್ಸು

ಕಾನೂನು ಬರುವ ಮುಂಚೆಯೂ ಹೆಣ್ಣುಮಕ್ಕಳು ಹೇಗೋ ಬದುಕಿ ಉಳಿದಿದ್ದಾರಲ್ಲ, ಹೇಗೆ? ಅದಕ್ಕೆ ಅವರದೇ ದಾರಿಗಳು.

ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ದುಡ್ಡು ಒಂದು. ಗಂಡನಿಗೆ ಗೊತ್ತಿಲ್ಲದ ಚೀಟಿ ಇನ್ನೊಂದು. ಫಾಲ್ಸ್ ಹೊಲಿಯೋದು, ಹೂವು ಕಟ್ಟೋದು, ಹಪ್ಪಳ ಒತ್ತೋದು. ಈ ಕೆಲಸಗಳಿಂದ ಬಂದ ಕಾಸಿಗಿಂತ ಆ ನೆಪದಲ್ಲಿ ನಾಲ್ಕು ಜನರ ಜೊತೆ ಕೂರುವ ಎರಡು ಗಂಟೆ ಮುಖ್ಯವಾಗಿತ್ತು. ಸಂಜೆ ದೇವಸ್ಥಾನದಲ್ಲಿ ಮಂಗಳಾರತಿ ಮುಗಿದ ಮೇಲೂ ಕಂಬಕ್ಕೆ ಒರಗಿ ಕೂತೇ ಇರುವ ಹೆಂಗಸರನ್ನು ನೋಡಿದರೆ ಭಕ್ತಿ ಜಾಸ್ತಿ ಅಂದುಕೊಳ್ತಾರೆ. ಎಲ್ಲರದೂ ಭಕ್ತಿಯಲ್ಲ. ಕೆಲವರಿಗೆ ಮನೆಗೆ ಹೋಗುವ ಹೊತ್ತನ್ನು ಅರ್ಧ ಗಂಟೆ ಮುಂದೆ ಹಾಕೋ ಜಾಗ ಅದು.

ಒಂದು ರೂಪಾಯಿ ಹಾಕುವ ಕಾಯಿನ್ ಬಾಕ್ಸ್ ಫೋನು ಅಂಗಡಿ ಅಂಗಡಿಗೂ ಇದ್ದ ಕಾಲ ನೆನಪಿದೆಯೇ? ಹಾಲಿಗೆಂದು ಬಂದು, ಚಿಲ್ಲರೆ ಹಾಕಿ, ಅತ್ತ ತಿರುಗಿ, ಅಮ್ಮನ ಜೊತೆ ಮೂರು ನಿಮಿಷ ಮಾತಾಡಿ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೋದವರಿದ್ದರು. ಅಂಗಡಿಯವರು ಅಷ್ಟು ಹೊತ್ತು ಬೇರೆ ಕಡೆ ನೋಡುತ್ತಿದ್ದರು. ಅದೊಂದು ದೊಡ್ಡತನ. ಈಗ ಎಲ್ಲರ ಕೈಯಲ್ಲೂ ಮೊಬೈಲಿದೆ. ಆದರೆ ಯಾರಿಗೆ ಫೋನ್ ಮಾಡಿದೆ, ಎಷ್ಟು ಹೊತ್ತು ಮಾಡಿದೆ ಎಂದು ರಾತ್ರಿ ತಿರುವಿ ನೋಡುವ ಗಂಡನೂ ಇದ್ದಾನೆ. ಫೋನು ಬಂದು ಗುಟ್ಟು ಹೋಯಿತು.

ಹಾಗೆಯೇ ಬಸ್ಸು. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದಾಗ, ಬಿಟ್ಟಿ ಟಿಕೆಟ್ಟು, ಹೆಂಗಸರೆಲ್ಲ ಧರ್ಮಸ್ಥಳಕ್ಕೆ ಹೊರಟರು ಎಂದು ಜೋಕು ಮಾಡಿದವರು ಬಹಳ. ಖಜಾನೆಗೆ ಆಗುವ ಹೊರೆಯ ಚರ್ಚೆ ಬೇರೆ, ಅದು ನಡೆಯಲಿ. ಆದರೆ ಒಂದು ಮಾತು ಆ ಜೋಕಿನಲ್ಲಿ ಮುಚ್ಚಿಹೋಯಿತು. ಮನೆಯಲ್ಲಿ ಹಿಂಸೆ ಕೊಡುವವನು ಮೊದಲು ಕಟ್ಟೋದು ಕೈಯ ಕಾಸನ್ನು. ಬಸ್ ಚಾರ್ಜಿಗೂ ಅವನನ್ನೇ ಕೇಳಬೇಕಾದವಳು ತವರಿಗೆ, ಆಸ್ಪತ್ರೆಗೆ, ಕೋರ್ಟಿಗೆ ಹೋಗೋದು ಹೇಗೆ? ಆಧಾರ್ ಕಾರ್ಡ್ ತೋರಿಸಿ ಬಸ್ ಹತ್ತಬಹುದು ಅಂದಾಗ ಅಷ್ಟರ ಮಟ್ಟಿಗೆ ಒಂದು ಬೀಗ ತೆರೆಯಿತು.

ಸಹಿಸಿಕೊಂಡಿರೋದೂ ಒಂದು ದಾರಿಯೇ. ಮಕ್ಕಳ ಎಸ್ಸೆಸ್ಸೆಲ್ಸಿ ಮುಗಿಯಲಿ, ಮಗಳ ಮದುವೆ ಆಗಲಿ ಎಂದು ಎಣಿಸುತ್ತಾ ಕೂತವರನ್ನು ಹೇಡಿ ಅನ್ನೋ ಹಕ್ಕು ಬೀದಿಯವರಿಗಿಲ್ಲ. ಅವರು ದಿನಾ ಮಾಡುವ ಲೆಕ್ಕಾಚಾರ ಯಾವ ವ್ಯಾಪಾರಿಯ ಲೆಕ್ಕಕ್ಕೂ ಕಡಿಮೆಯಲ್ಲ. ಆದರೆ ಒಂಟಿಯಾಗಿ ಸಹಿಸಿದವರು ಬೇಗ ಕುಸಿಯುತ್ತಾರೆ, ಒಬ್ಬರಿಗಾದರೂ ಹೇಳಿಕೊಂಡವರು ತಡೆದುಕೊಳ್ಳುತ್ತಾರೆ. ಹೊರಗೆ ಒಬ್ಬರಿಗೆ ವಿಷಯ ಗೊತ್ತಿದೆ ಅನ್ನೋ ಧೈರ್ಯವೇ ಅರ್ಧ ಔಷಧಿ.

ಮುದುಕರು, ಗಂಡಸರು

ಕ್ರೌರ್ಯ ಅಂದರೆ ಸೊಸೆಗೆ ಮಾತ್ರವೇ? ಮಲ್ಲೇಶ್ವರ, ವೈಯಾಲಿಕಾವಲ್ ಕಡೆ ವಯಸ್ಸಾದವರು ಬಹಳ. ಮನೆಗೆ ಬಂಗಾರದ ಬೆಲೆ. ಸೈಟು ಬರೆದುಕೊಡು ಅಂತ ಮಗನ ಕಾಟ, ಬರೆದುಕೊಟ್ಟ ಮೇಲೆ ಹಿಂದಿನ ಕೋಣೆ, ತಣ್ಣಗಾದ ಅನ್ನ. ಪಾರ್ಕಿನ ಬೆಂಚಿನ ಮೇಲೆ ಕತ್ತಲಾದರೂ ಏಳದೆ ಕೂತ ಮುದುಕರೆಲ್ಲ ಗಾಳಿಗೆ ಕೂತವರಲ್ಲ. ಮಗನ ಮೇಲೆ ದೂರು ಕೊಟ್ಟರೆ ಜನ ಏನಂತಾರೆ ಅನ್ನೋದು ಅವರ ಬಾಯಿಗೆ ಬೀಗ.

ಅವರಿಗೆ 2007ರ ಹಿರಿಯ ನಾಗರಿಕರ ಕಾಯ್ದೆ ಇದೆ. ಉಪವಿಭಾಗಾಧಿಕಾರಿ ನೇತೃತ್ವದ ನ್ಯಾಯಮಂಡಳಿಗೆ ಅರ್ಜಿ ಕೊಟ್ಟರೆ ತಿಂಗಳಿಗೆ ಹತ್ತು ಸಾವಿರ ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇನೆಂಬ ಷರತ್ತಿನ ಮೇಲೆ ಬರೆಸಿಕೊಂಡು ನೋಡಿಕೊಳ್ಳದಿದ್ದರೆ ಆ ದಾನಪತ್ರವನ್ನೇ ರದ್ದು ಮಾಡಬಹುದು. ಷರತ್ತು ಪತ್ರದಲ್ಲಿ ಸ್ಪಷ್ಟವಾಗಿ ಬರೆಸುವುದು ಜಾಣತನ.

'ಗಂಡಸರ ಗತಿ ಏನ್ರೀ?' ಎಂದು ಬಸ್ಸಿನಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. 2024ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲೇ ಒಬ್ಬ ಸಾಫ್ಟ್‌ವೇರ್ ಉದ್ಯೋಗಿ ಹೆಂಡತಿ ಮನೆಯವರ ಮೇಲೆ ಆರೋಪ ಹೊರಿಸಿ ಉದ್ದನೆಯ ಪತ್ರ ಬರೆದಿಟ್ಟು ಪ್ರಾಣ ಕಳೆದುಕೊಂಡ. ದೇಶವೆಲ್ಲ ಚರ್ಚೆಯಾಯಿತು. ಸರಿ ತಪ್ಪು ತೂಗೋದು ಕೋರ್ಟಿನ ಕೆಲಸ. ದೂರು ಬಂದ ಕೂಡಲೇ ಕಣ್ಣುಮುಚ್ಚಿ ಬಂಧಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಹೇಳಿಯಾಗಿದೆ. ಆದರೆ ಗಂಡಸಿನ ಸಂಕಟಕ್ಕೂ ಹೆಂಗಸಿನ ಸಂಕಟಕ್ಕೂ ಒಂದು ಕಡೆ ತಾಳೆಯಾಗುತ್ತೆ. ಇಬ್ಬರೂ ಹೇಳಿಕೊಳ್ಳಲು ನಾಚುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಿಗುತ್ತೆ, 2022ರ ಅಕ್ಟೋಬರಿನಲ್ಲಿ ಶುರುವಾದ ವ್ಯವಸ್ಥೆ, ಅದರ ಮೇಲ್ವಿಚಾರಣೆಯ ಕೇಂದ್ರ ಇದೇ ಊರಿನ ನಿಮ್ಹಾನ್ಸ್. ಅಲ್ಲಿ ಗಂಡಸೋ ಹೆಂಗಸೋ ಅಂತ ನೋಡಿ ಸಂಕಟ ಅಳೆಯೋದಿಲ್ಲ.

ನಮಗ್ಯಾಕೆ ಅನ್ನೋರಿಗೆ ನಾಲ್ಕನೇ ಕಲಂ

ಊರ ಉಸಾಬರಿ ನಮಗ್ಯಾಕೆ, ನಾಳೆ ಕೋರ್ಟು ಕಚೇರಿ ಅಂತ ಅಲೆಯೋರು ಯಾರು? ಪಕ್ಕದ ಮನೆಯವರ, ಎದುರು ಅಂಗಡಿಯವರ ನಿಜವಾದ ಹೆದರಿಕೆ ಇದು. ಹೆದರಿಕೆಯಲ್ಲಿ ಅರ್ಥವೂ ಇದೆ. ಆದರೆ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಕಲಂ ಓದಿದವರು ಬಹಳ ಕಡಿಮೆ. ಒಂದು ಮನೆಯಲ್ಲಿ ಹಿಂಸೆ ನಡೆಯುತ್ತಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ನೆಂಟರೇ ಆಗಬೇಕಿಲ್ಲ. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ, ಕ್ರಿಮಿನಲ್ ಆಗಲಿ, ಯಾವ ಹೊಣೆಯೂ ಬರುವುದಿಲ್ಲ. ಕಾನೂನೇ ಬರೆದುಕೊಟ್ಟ ಅಭಯ ಇದು.

ಅದೇ ಕಾಯ್ದೆ ಏಟನ್ನು ಮಾತ್ರ ಹಿಂಸೆ ಅನ್ನೋದಿಲ್ಲ. ಬೈಗುಳ, ಅವಮಾನ, ಲೈಂಗಿಕ ಬಲಾತ್ಕಾರ, ಖರ್ಚಿಗೆ ಕೊಡದೆ ಕಾಡೋದು, ಒಡವೆ ಕಿತ್ತುಕೊಳ್ಳೋದು ಎಲ್ಲವೂ ಅದರಲ್ಲಿ ಬರುತ್ತೆ. ಹೆಂಡತಿಗಷ್ಟೇ ಅಲ್ಲ, ಜೊತೆಯಲ್ಲಿ ಬದುಕುವ ತಾಯಿ, ತಂಗಿ, ಮದುವೆಯಿಲ್ಲದೆ ಸಂಸಾರದಂತೆ ಬಾಳುವ ಹೆಣ್ಣಿಗೂ ಅನ್ವಯ. ಮನೆ ಯಾರ ಹೆಸರಲ್ಲೇ ಇರಲಿ, ಆಕೆಯನ್ನು ಕಾನೂನುಬಾಹಿರವಾಗಿ ಹೊರಗೆ ಹಾಕುವಂತಿಲ್ಲ. ರಕ್ಷಣಾ ಆದೇಶ ಮೀರಿದವನಿಗೆ ಒಂದು ವರ್ಷದವರೆಗೆ ಜೈಲು, ಇಪ್ಪತ್ತು ಸಾವಿರದವರೆಗೆ ದಂಡ.

ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಬೀದಿಯಲ್ಲಿ ಹೇಗಿದೆ? ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆ, ಅಲ್ಲಿಂದ ಅರವತ್ತು ದಿನದಲ್ಲಿ ಇತ್ಯರ್ಥಕ್ಕೆ ಪ್ರಯತ್ನ ಅಂತ ಕಾಯ್ದೆ ಹೇಳುತ್ತೆ. ಕೋರ್ಟಿನ ಕಾರಿಡಾರಿನಲ್ಲಿ ಕೂತವರಿಗೆ ಕೇಳಿದರೆ ತಿಂಗಳಲ್ಲ, ವರ್ಷದ ಲೆಕ್ಕ ಹೇಳ್ತಾರೆ. ಇನ್ನು ಆ ಸಂರಕ್ಷಣಾಧಿಕಾರಿ ಯಾರು? ಕರ್ನಾಟಕದಲ್ಲಿ ಈ ಹೊಣೆ ಹೊತ್ತವರು ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ. ಅಂಗನವಾಡಿಯ ಮೊಟ್ಟೆ, ಹಾಲಿನ ಪುಡಿ, ಪೌಷ್ಟಿಕ ಆಹಾರದ ಲೆಕ್ಕ, ಸಭೆ, ವರದಿ ಎಲ್ಲ ಮುಗಿಸಿದ ಮೇಲೆ ಉಳಿದ ಹೊತ್ತಿನಲ್ಲಿ ಅವರು ಹೆಂಗಸರನ್ನು ಕಾಯಬೇಕು! ತಮ್ಮ ಬಡಾವಣೆಗೆ ಸಂರಕ್ಷಣಾಧಿಕಾರಿ ಯಾರು, ಕಚೇರಿ ಎಲ್ಲಿ ಎಂದು ಸಂಜೆ ಬಸ್ಸಿನಲ್ಲಿ ಹತ್ತು ಜನರನ್ನು ಕೇಳಿ ನೋಡಲಿ, ಸಿಡಿಪಿಓ ಎಂದರೇನು ಅನ್ನೋ ಮರುಪ್ರಶ್ನೆಯೇ ಬರುತ್ತೆ. ಹೆಸರು, ಫೋನ್ ನಂಬರು ಬರೆದ ಒಂದು ಬೋರ್ಡು ನ್ಯಾಯಬೆಲೆ ಅಂಗಡಿಯ ಮುಂದೆ, ಬಸ್ ಸ್ಟಾಪಿನಲ್ಲಿ, ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಹಾಕಲು ಎಷ್ಟು ಖರ್ಚು? ಜಾತ್ರೆಗೂ ಜಯಂತಿಗೂ ಫ್ಲೆಕ್ಸ್ ಕಟ್ಟುವ ಊರಿಗೆ ಇದು ದೊಡ್ಡ ಖರ್ಚೇ? ಒಂದೇ ಕೆಲಸಕ್ಕೆ ಪೂರ್ಣಕಾಲದ ಅಧಿಕಾರಿ ಬೇಕು ಎಂದು ಕೇಳೋದರಲ್ಲಿ ದುಬಾರಿಯೇನೂ ಇಲ್ಲ.

ಗಲ್ಲಾ ಪೆಟ್ಟಿಗೆಯ ಹಿಂದಿನಿಂದ

ಸರ್ಕಾರ ಬೋರ್ಡು ಹಾಕುವ ತನಕ ಬೀದಿ ಸುಮ್ಮನಿರಬೇಕಿಲ್ಲ. ದಿನಸಿ ಅಂಗಡಿ, ಹಾಲಿನ ಬೂತು, ಮೆಡಿಕಲ್ ಶಾಪು, ಇಸ್ತ್ರಿ ಗಾಡಿ. ಬಡಾವಣೆಯ ಮುಖಗಳನ್ನು ದಿನಾ ನೋಡುವವರು ಇವರೇ. ಯಾರ ಮನೆ ಲೆಕ್ಕದ ಪುಸ್ತಕ ಇದ್ದಕ್ಕಿದ್ದಂತೆ ನಿಂತಿತು, ಯಾರು ಸೆಖೆಯಲ್ಲೂ ತುಂಬುತೋಳು ಹಾಕಿಕೊಂಡು ಬಂದರು, ಯಾರು ಹತ್ತು ದಿನದಿಂದ ಹಾಲಿಗೆ ಬರಲಿಲ್ಲ ಅನ್ನೋದು ಪೊಲೀಸರಿಗಿಂತ ಮೊದಲು ಅವರಿಗೆ ಗೊತ್ತು.

ಹಾಗಂತ ಎದೆ ಸೆಟೆದು ಹೋಗಿ ಗಂಡನ ಕೊರಳಪಟ್ಟಿ ಹಿಡಿಯೋದು ಬೇಡ. ಅವನ ಎದುರು ಆಕೆಯನ್ನು ವಿಚಾರಿಸೋದೂ ಬೇಡ. ಆ ಸಿಟ್ಟು ರಾತ್ರಿ ಆಕೆಯ ಬೆನ್ನಿಗೇ ಬೀಳುತ್ತೆ. ಒಂಟಿಯಾಗಿ ಬಂದಾಗ, 'ಏನಮ್ಮಾ, ಮುಖ ಬಾಡಿದೆಯಲ್ಲ, ಏನಾದ್ರೂ ಬೇಕಿದ್ರೆ ಹೇಳಿ' ಅಂದರೆ ಸಾಕು. ಇವತ್ತು 'ಏನಿಲ್ಲಣ್ಣ' ಅಂದು ಹೋಗುತ್ತಾಳೆ. ಹೋಗಲಿ. ಕೇಳಿದವರೊಬ್ಬರಿದ್ದಾರೆ ಅನ್ನೋದು ಆಕೆಗೆ ನೆನಪಿರುತ್ತೆ. ಒಂದು ಫೋನ್ ಮಾಡ್ಕೊಳ್ಳಲಾ ಎಂದು ಕೇಳಿದರೆ ಮೊಬೈಲ್ ಕೊಟ್ಟು ಮತ್ತೊಂದು ಕಡೆ ನೋಡುವ ಹಳೇ ಕಾಯಿನ್ ಬಾಕ್ಸಿನ ದೊಡ್ಡತನ ಈಗಲೂ ನಡೆಯುತ್ತೆ. ಆಧಾರ್, ಪಾಸ್‌ಬುಕ್ಕು, ಮಕ್ಕಳ ಜನನ ಪತ್ರದ ಒಂದೊಂದು ಜೆರಾಕ್ಸ್ ನಂಬಿಕಸ್ಥರ ಕೈಯಲ್ಲಿರಲಿ ಎಂದು ಹೇಳಿದರೆ ಅದೂ ಉಪಕಾರ.

ಬಿಲ್ಲಿನ ಹಿಂದೆ ಬರೆದುಕೊಡಬೇಕಾದ ನಂಬರುಗಳೂ ಬಹಳ ಇಲ್ಲ. ಜೀವಕ್ಕೆ ಅಪಾಯ ಅನ್ನಿಸಿದರೆ 112. ಹೆಂಗಸರಿಗೆ 181. ಮಕ್ಕಳಿಗೆ 1098. ಹಿರಿಯರಿಗೆ 14567. ಉಚಿತ ವಕೀಲರಿಗೆ ಕಾನೂನು ಸೇವಾ ಪ್ರಾಧಿಕಾರದ 15100. ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಈ ನೆರವು ಬಿಟ್ಟಿ. ಬೆಂಗಳೂರಿನಲ್ಲಿ ರಾಜ್ಯ ಪ್ರಾಧಿಕಾರದ ಕಚೇರಿ ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲದಲ್ಲಿದೆ. ಕೂಗಾಟ ಕೇಳಿದ ರಾತ್ರಿ 112 ಒತ್ತಿದವರು ಮಾಡಿದ್ದು ಚಾಡಿಯಲ್ಲ. ಬೆಂಕಿ ಕಂಡವರು ಫೈರ್ ಎಂಜಿನ್ನಿಗೆ ಫೋನ್ ಮಾಡಿದರೆ ಯಾರಾದರೂ ಚಾಡಿ ಅಂತಾರೆಯೇ?

ವೈಯಾಲಿಕಾವಲ್ ಎಂಬ ಹೆಸರಿನ ಬಾಲದಲ್ಲೇ 'ಕಾವಲ್' ಇದೆ. ಹಿಂದೆ ದನ ಕುದುರೆಗಳ ಮೇವಿಗೆಂದು ಕಾಯ್ದಿಟ್ಟ ಬಯಲಿಗೆ ಕಾವಲ್ ಅನ್ನುತ್ತಿದ್ದರು. ಹುಲ್ಲು ಹೋಯಿತು, ಬಯಲು ಸೈಟಾಯಿತು, ಸೈಟು ಕಟ್ಟಡವಾಯಿತು. ಹುಲ್ಲನ್ನು ಅಷ್ಟು ಜೋಪಾನವಾಗಿ ಕಾದ ಜಾಗದಲ್ಲಿ ಎರಡು ವಾರ ಕಾಣದ ಒಬ್ಬ ಹೆಣ್ಣುಮಗಳ ಬಾಗಿಲು ತಟ್ಟಲು ಯಾರೂ ಇರಲಿಲ್ಲ. ಇವತ್ತು ರಾತ್ರಿ ಬಸ್ಸಿಳಿದು ಮನೆಗೆ ಹೋಗುವವರು ಪಕ್ಕದ ಬಾಗಿಲಲ್ಲಿ ಯಾರಿದ್ದಾರೆ, ಅವರ ಹೆಸರೇನು ಎಂದು ತಿಳಿದುಕೊಂಡರೆ ಕಾವಲಿಗೆ ಅದೇ ಶುರು.